ಬಲಗಿವಿಯ ಬೆಳವಣಿಗೆ

ತನ್ನ ಮುಖ ಎರಡೂ ಕಡೆ ಸಮವಾಗಿದೆಯೆಂದು ನಂಬಿ ಬದುಕುವವರೆಲ್ಲ ಆಗಾಗ ಕ್ಷೌರದಂಗಡಿಯಲ್ಲಿ ಕೂತು ಭ್ರಮನಿರಸನ ಹೊಂದುವುದು ಆರೋಗ್ಯಕ್ಕೆ ಒಳ್ಳೆಯದು. ಮೊನ್ನೆ ಆಳಂದದ ನಮ್ಮ ಓಣಿಯ ಕ್ಷೌರಿಕ ಕತ್ತರಿಯನ್ನು ಅರ್ಧಕ್ಕೇ ನಿಲ್ಲಿಸಿ, ನನ್ನ ತಲೆಯನ್ನು ಸಂತೆಯ ಕುಂಬಳಕಾಯಿಯಂತೆ ಅತ್ತಿತ್ತ ತಿರುಗಿಸಿ, "ಸರ್, ನಿಮ್ಮ ಬಲಗಿವಿ ಎಡಗಿವಿಕಿಂತ ಉದ್ದ ಅದರಿ. ಮ್ಯಾಲ ಕೂದ್ಲಾ ಬಿಟ್ಟು ಮುಚ್ಚಲೇನ್ರಿ?" ಎಂದ. ಇಷ್ಟು ವರ್ಷ ಸಂಸಾರ ಮಾಡಿದ ನನ್ನ ಹೆಂಡತಿ ಈ ವಿಷಯ ಎತ್ತದಿದ್ದದ್ದು ದಾಕ್ಷಿಣ್ಯಕ್ಕೋ, ನನ್ನ ಮುಖವನ್ನು ಪೂರ್ತಿ ನೋಡುವ ಕುತೂಹಲವೇ ಆಕೆಗೆ ಹುಟ್ಟಲಿಲ್ಲವೋ ತಿಳಿಯದು. ಕಾರಣವಂತೂ ನನಗೆ ಗೊತ್ತಿತ್ತು. ಅದರ ಹೆಸರು ಗುರುಬಾಯಿ, ನನ್ನ ಸೋದರತ್ತೆ, ನಮ್ಮ ಬಾಯಲ್ಲಿ ಅತ್ತಿ.

ಹೆಸರಿನಲ್ಲೇ ಗುರುವನ್ನಿಟ್ಟುಕೊಂಡು ಹುಟ್ಟಿದ್ದರಿಂದ ಆಕೆಗೆ ಬೇರೆ ಉದ್ಯೋಗ ಹುಡುಕುವ ಕಷ್ಟ ಬರಲಿಲ್ಲ. ಎಪ್ಪತ್ತರ ದಶಕದಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ, ಆಮೇಲೆ ಅಫಜಲಪುರ, ಕೊನೆಗೆ ಆಳಂದ, ಹೀಗೆ ಸರ್ಕಾರ ಎತ್ತಿ ಹಾಕಿದಲ್ಲೆಲ್ಲ ಕಲಿಸಿದಳು. ಬಲಗೈಯನ್ನು ಸೀಮೆಸುಣ್ಣ ಆಕ್ರಮಿಸಿದ್ದರಿಂದ ದಂಡನೀತಿ ಎಡಗೈಯ ಪಾಲಿಗೆ ಬಂದಿತ್ತು. ಎದುರು ನಿಂತವನ ಬಲಗಿವಿ ಆ ಎಡಗೈಗೆ ನೇರ. ಆದ್ದರಿಂದ ಆ ಮೂರು ಊರುಗಳ ಬಸ್‌ಸ್ಟ್ಯಾಂಡಿನಲ್ಲಿ ಬಲಗಿವಿ ಜೋತ ಗಂಡಸು ಕಂಡರೆ ವಿದ್ಯಾವಂತನೆಂದು ಧಾರಾಳವಾಗಿ ತಿಳಿಯಬಹುದು. ಲೆಕ್ಕ ತಪ್ಪಿದವನ ಕಿವಿಯನ್ನು ಆಕೆ ಹಿಂಡಲಿಲ್ಲ; ಕೇಳದೆ ಕೂತವನದನ್ನು ಬಿಡಲಿಲ್ಲ. "ಏನ್ ಹೇಳ್ದೆ ನಾ?" ಎಂಬ ಪ್ರಶ್ನೆ ಮುಗಿಯುವಷ್ಟರಲ್ಲಿ ಎಡಗೈ ಬಂದಿರುತ್ತಿತ್ತು. ಆಕೆಯ ಮನೆಯಲ್ಲೇ ಬೆಳೆದ ನನಗೆ ರವಿವಾರದ ವಿನಾಯಿತಿಯೂ ಇರಲಿಲ್ಲ.

ಹುಡುಗಿಯರ ಕಿವಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಓಲೆ ಜಗ್ಗೀತೆಂದು. ಅವರ ಪಾಲಿನದು ಅಪ್ಪಂದಿರಿಗೆ ಸಂದಾಯವಾಗುತ್ತಿತ್ತು. ನೆಲೋಗಿಯ ಮಲ್ಲಣ್ಣಗೌಡರು ಹತ್ತಿ ಬಿಡಿಸಲೆಂದು ಮಗಳ ಶಾಲೆ ಬಿಡಿಸಿದಾಗ, ಅತ್ತಿ ಬಿಸಿಲಲ್ಲಿ ಅವರ ಹೊಲಕ್ಕೇ ನಡೆದಳು. ಆಕೆ ಹೇಳುವುದನ್ನೆಲ್ಲ ಗೌಡರು ಆಳುಗಳ ಕಡೆ ನೋಡುತ್ತ ಹ್ಞೂಂಗುಟ್ಟಿದರು. ಮರುಕ್ಷಣ ಎಡಗೈ ಗೌಡರ ರುಮಾಲಿನ ಕೆಳಗೆ ಹೋಗಿತ್ತು. ಆಳುಗಳು ಹತ್ತಿಗಿಡದ ಹಿಂದೆ ಕೂತು ನಕ್ಕರು. ಹುಡುಗಿ ಮರುದಿನ ಶಾಲೆಗೆ ಬಂದಳು, ಮುಂದೆ ನರ್ಸ್ ಆದಳು.

ತೊಂಬತ್ತರ ದಶಕದಲ್ಲಿ, ನಿವೃತ್ತಳಾಗಿ ಆಳಂದದಲ್ಲಿ ನಮ್ಮ ಜೊತೆಗಿದ್ದ ಗುರುಬಾಯಿ ಅತ್ತೆಗೆ ಲಕ್ವಾ ಹೊಡೆಯಿತು. ವಿಧಿಗೂ ಕಿವಿಯಿರಬೇಕು, ಸೇಡು ತೀರಿಸಿಕೊಳ್ಳಲು ಆ ಎಡಗೈಯನ್ನೇ ಆರಿಸಿತು. ಹಿಡಿತ ಬೇಗ ಮರಳದಿದ್ದರೆ ಕೈ ಹಾಗೇ ಉಳಿಯುತ್ತದೆಂದ ಡಾಕ್ಟರು ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟರು. "ಚೆಂಡ್ ಆಡೋ ವಯಸ್ಸೇನೋ ನಂದು?" ಎಂದು ಅತ್ತಿ ಅದನ್ನು ಮಂಚದ ಕೆಳಗೆ ಎಸೆದಳು. ಸೆರಗಿಗೂ ಇನ್ನೊಬ್ಬರ ಕೈ ತಾಕಗೊಡದವಳು ನನ್ನ ಹೆಂಡತಿ ಸೀರೆ ಉಡಿಸುವಾಗ ಗೋಡೆ ನೋಡುತ್ತ ನಿಲ್ಲುತ್ತಿದ್ದಳು. ಅದನ್ನು ನೋಡಲಾಗದೆ ನಾನು ಹೊರಗೆ ಹೋಗುತ್ತಿದ್ದೆ.

ಸುದ್ದಿ ತಿಳಿದು ಮಲ್ಲಣ್ಣಗೌಡರು ಬಂದರು. ಚೆಂಡಿನ ಕಥೆ ಕೇಳಿ, ರುಮಾಲು ತೆಗೆದು, ಮಂಚದ ಪಕ್ಕ ನೆಲದ ಮೇಲೆ ಕೂತು, "ಅಕ್ಕೋರ, ಚೆಂಡ್ ಬ್ಯಾಡಂದ್ರ ಕಿವಿ ಹಿಡೀರಿ. ನಿಮ್ಮ ಕೈಗಿ ಇದರ ಪರಿಚಯ ಅದರಿ" ಎಂದು ತಲೆ ಬಾಗಿಸಿದರು. ಬೆರಳುಗಳು ಕಿವಿಯ ಮೇಲೆ ಸತ್ತಂತೆ ಕೂತವು, ಆದರೆ ಅತ್ತಿ ನಕ್ಕಳು. ಅಲ್ಲಿಂದ ನಮ್ಮ ಮನೆಗೆ ಕಿವಿಗಳ ಯಾತ್ರೆ ಶುರುವಾಯಿತು. ಆಕೆಯ ಹಳೆಯ ಶಿಷ್ಯರಾದ ಕಂಡಕ್ಟರು, ಪೊಲೀಸು, ಕಿರಾಣಿ ಅಂಗಡಿಯವರು ಬಾಳೆಹಣ್ಣಿನ ಜೊತೆ ಒಂದೊಂದು ಬಲಗಿವಿ ತಂದು ಒಪ್ಪಿಸಿದರು. "ಎಣ್ಣಿ ಒರಸ್ಕೊಂಡ್ ಬಾರಲೇ, ಜಾರ್ತದ" ಎಂದು ಒಬ್ಬ ತಹಶೀಲ ಕಚೇರಿಯ ಸಾಹೇಬರನ್ನೇ ಬಚ್ಚಲಿಗೆ ಅಟ್ಟಿದಳು. ಕಾಲೇಜಿನಲ್ಲಿ ಉಪನ್ಯಾಸ ಕೊಡುವ ಗಣ್ಯನಾದ ನಾನು ದಿನಾ ಬೆಳಿಗ್ಗೆ ಕಿವಿ ಕೊಟ್ಟು ಪೇಪರು ಓದುತ್ತ ಕೂರುತ್ತಿದ್ದೆ. ವಾರಗಳು ಹೋದವು. ಬೆರಳು ಬಾಗುತ್ತಿದ್ದವು, ಹಿಡಿತ ಬರಲಿಲ್ಲ.

ಒಂದು ಬೆಳಿಗ್ಗೆ ಆಕೆ ಏನೋ ಹೇಳುತ್ತಿದ್ದಳು. ನಾನು ಕ್ರಿಕೆಟ್ ಸುದ್ದಿಯಲ್ಲಿ ಮುಳುಗಿ ಹ್ಞೂಂಗುಟ್ಟುತ್ತಿದ್ದೆ.

"ಏನ್ ಹೇಳ್ದೆ ನಾ?"

ನನಗೆ ಗೊತ್ತಿರಲಿಲ್ಲ. ನಾನು ಕಿರುಚಿದ್ದು ಓಣಿಯ ಕೊನೆಗೂ ಕೇಳಿಸಿತಂತೆ. ಒಳಗಿಂದ ಓಡಿಬಂದ ಹೆಂಡತಿ ಕಂಡದ್ದು ತಿರುಚಿಹೋದ ಗಂಡ ಮತ್ತು ಬಿಗಿದ ಎಡಗೈ. ಆಕೆ ಹೋಗಿ ಸಕ್ಕರೆ ಡಬ್ಬಿ ತಂದು ಅತ್ತಿಯ ಬಾಯಿಗೆ ಒಂದು ಚಿಟಿಕೆ ಹಾಕಿ, ಕೂಗು ಕೇಳಿ ಸೇರಿದವರಿಗೆಲ್ಲ ಹಂಚಿದಳು. ನನ್ನ ಕಿವಿಯ ಕ್ಷೇಮವನ್ನು ಯಾರೂ ವಿಚಾರಿಸಲಿಲ್ಲ. ಕೊನೆಗೆ ಡಬ್ಬಿಯ ತಳದ ಸಕ್ಕರೆ ನನಗೂ ಸಿಕ್ಕಿತು. ಆ ತಿಂಗಳು ಮುಗಿಯುವುದರೊಳಗೆ ಅತ್ತಿ ತನ್ನ ಸೀರೆಯ ನಿರಿಗೆ ತಾನೇ ಹಿಡಿದಳು. ಆಮೇಲೂ ಬಹಳ ವರ್ಷ ಬದುಕಿ, ನನ್ನ ಮಕ್ಕಳ ಕಿವಿಗಳನ್ನೂ ತಿದ್ದಿ ಹೋದಳು. ಈಗ ನನ್ನ ಮಾತನ್ನು ಕೇಳುವ ವಿದ್ಯಾರ್ಥಿಗಳಿದ್ದಾರೆ, ನಾನು ಕೇಳಿದೆನೋ ಇಲ್ಲವೋ ಎಂದು ಕಾಯುವವರು ಮನೆಯಲ್ಲಿ ಯಾರೂ ಇಲ್ಲ. ಅದು ನನ್ನನ್ನು ಆಗಾಗ ಬಹಳ ನೋಯಿಸುತ್ತದೆ.

"ಸರ್, ನಾ ಏನ್ ಹೇಳ್ದೆ, ಕೇಳಿಸ್ತೇನ್ರಿ?" ಎಂದ ಕ್ಷೌರಿಕ.

ನನ್ನ ಕೈ ತಾನಾಗಿಯೇ ಮೇಲೆದ್ದು ಬಲಗಿವಿಯನ್ನು ಮುಚ್ಚಿಕೊಂಡಿತು. ನಿಧಾನವಾಗಿ ಅದನ್ನು ಇಳಿಸಿ, "ಮುಚ್ಚಬ್ಯಾಡಪಾ, ಕಾಣೋಹಂಗ ಕತ್ತರಸು" ಎಂದೆ.