ವಾಸನೆ ಕಳೆದುಕೊಂಡ ಸೆಲ್ಲಾಮ್

ಕೆಟಾಮಾ ಪೇಟೆಯ ಮೇಲಿನ ಬೆಟ್ಟದ ನಮ್ಮ ಹಳ್ಳಿಗಳಲ್ಲಿ ಚರಸ್ಸಿನ ಗುಣ ಹೇಳಬೇಕಾದರೆ ಸೆಲ್ಲಾಮನೇ ಬರಬೇಕಿತ್ತು. ಬಿಸಿಲಲ್ಲಿ ಬೆಳೆದ ಗಾಂಜಾ ಹೂವನ್ನು ಬೆರಳಲ್ಲಿ ಮುರಿದು ಮೂಗಿಗೆ ಹಿಡಿದರೆ ಸಾಕು, ಅದು ಯಾವ ಇಳಿಜಾರಿನದು, ಎಷ್ಟು ದಿನ ಒಣಗಿದೆ, ಒಳಗೆ ಬೂಷ್ಟು ಹಿಡಿದಿದೆಯೇ ಎಂದು ಹೇಳಿಬಿಡುತ್ತಿದ್ದ. ಬೆಳೆದವರೂ ಕೊಳ್ಳುವವರೂ ಇಪ್ಪತ್ತೆಂಟು ವರ್ಷ ಅವನ ಮಾತಿಗೆ ಎದುರಾಡಿರಲಿಲ್ಲ.

ಒಂದು ಚಳಿಗಾಲ ಅವನಿಗೆ ಜ್ವರ ಬಂತು. ಹತ್ತು ದಿನ ಮಲಗಿ ಎದ್ದಾಗ ಪುದೀನ ಚಹಾ ಬರೀ ಬಿಸಿನೀರಿನಂತಿತ್ತು. ಒಲೆಯ ಮೇಲೆ ರೊಟ್ಟಿ ಸೀದರೂ ಗೊತ್ತಾಗಲಿಲ್ಲ. ತಿಂಗಳು ಕಳೆದರೂ ವಾಸನೆ ಮರಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಹೆದರಿಕೆಗೆ ಕಾರಣವಿತ್ತು. ನಮ್ಮ ಕಡೆಯ ಮಾಲನ್ನೆಲ್ಲ ಕೊಳ್ಳುತ್ತಿದ್ದ ಸಾಹುಕಾರ, ಹಿಂದಿನ ವರ್ಷ ಬೂಷ್ಟು ಹಿಡಿದ ಮಾಲನ್ನು ಒಳ್ಳೆಯದೆಂದ ಇನ್ನೊಬ್ಬ ಪರೀಕ್ಷಕನ ಬೆರಳುಗಳನ್ನು ಬಾಗಿಲ ಸಂದಿಯಲ್ಲಿಟ್ಟು ಮುರಿಸಿದ್ದ. ಆ ಬಾಗಿಲು ಎಳೆದವನು ಸಾಹುಕಾರನ ಬಂಟ ಮಿಮೂನ್.

ಒಂದು ಬೆಳಗ್ಗೆ ಅದೇ ಮಿಮೂನ್ ಕಾರು ತಂದು ನಿಲ್ಲಿಸಿದ. ಯಮ್ನಾಳ ಮಾಲು ನೋಡಬೇಕಂತೆ. ಸೆಲ್ಲಾಮ್ ಹೊಟ್ಟೆನೋವೆಂದ. ಮಿಮೂನ್ ಕಾರಿನ ಬಾಗಿಲು ತೆರೆದು ಹಿಡಿದ.

ಯಮ್ನಾ ವಿಧವೆ. ಕಲ್ಲುಕಟ್ಟೆ ಕಟ್ಟಿದ ಎರಡು ತುಂಡು ಹೊಲ, ಅಷ್ಟೇ ಅವಳ ಆಸ್ತಿ. ಕೊಯ್ಯುವುದು, ಒಣಗಿಸುವುದು, ಬಟ್ಟೆಯ ಜರಡಿಯ ಮೇಲೆ ಬಡಿದು ಪುಡಿ ಉದುರಿಸಿ ಚರಸ್ಸು ಮಾಡುವುದು, ಎಲ್ಲ ಅವಳೇ. ಅಂಗಳದಲ್ಲಿ ಚಾಪೆ ಹಾಸಿ ಚಹಾ ಕೊಟ್ಟಳು.

ಚರಸ್ಸಿಗೆ ಕಣ್ಣು, ಕೈ ಸಾಕಾಯಿತು. ಅಂಗೈಯ ಬಿಸಿಗೆ ಮೆತ್ತಗಾಯಿತು, ಬೆಂಕಿ ತೋರಿಸಿದರೆ ನೊರೆಯೆದ್ದು ಉಬ್ಬಿತು. ಮೊದಲ ಜರಡಿಯದೇ, ಉತ್ತಮ ಮಾಲು ಎಂದ. ಆಮೇಲೆ ಹೂವಿನ ಮೂರು ಚೀಲ ಬಂದವು. ಎರಡರ ಹೂ ಮುರಿದಾಗ ಚಟ್ಟೆಂದಿತು, ಚೆನ್ನಾಗಿ ಒಣಗಿದೆ ಎಂದು ದಾಟಿದ. ಮೂರನೆಯದರ ಹೂ ಮೇಲೆ ಚೆನ್ನಾಗಿಯೇ ಕಂಡಿತು, ಆದರೆ ಮುರಿದಾಗ ಸದ್ದು ಬರಲಿಲ್ಲ. ಮೂಗಿಗೆ ಹಿಡಿದ. ಏನೂ ಇಲ್ಲ. ಮತ್ತೆ ಹಿಡಿದ.

"ಏನ್ ಕಾಕಾ, ಹೂವನ್ನ ಮೂಸ್ತಿದೀಯೋ, ಮುತ್ತು ಕೊಡ್ತಿದೀಯೋ?" ಎಂದ ಮಿಮೂನ್.

ಸೆಲ್ಲಾಮ್ ಲೆಕ್ಕ ಹಾಕಿದ. ಒಳ್ಳೆಯದೆಂದು ಹೇಳಿ ಆಮೇಲೆ ಬೂಷ್ಟು ಕಂಡರೆ ತನ್ನ ಕೈ ಹೋಯಿತು. ಕೆಟ್ಟದ್ದೆಂದರೆ, ಕೆಟ್ಟಿರದಿದ್ದರೂ, ಈ ಹೆಂಗಸಿನ ವರ್ಷದ ದುಡಿಮೆ ಹೋಯಿತು. ಹೂವನ್ನು ಚಾಪೆಯ ಮೇಲಿಟ್ಟ.

"ನಂಗೆ ವಾಸ್ನೆ ಬರ್ತಿಲ್ಲ ಮಿಮೂನ್. ಜ್ವರ ಬಂದಾಗಿಂದ ಬರ್ತಿಲ್ಲ."

ಮಿಮೂನ್ ಲೋಟ ಕೆಳಗಿಟ್ಟ. ಜ್ವರ ಬಂದ ಮೇಲೆ ಎಷ್ಟು ಮನೆಯ ಮಾಲು ನೋಡಿದ್ದೀಯ ಎಂದು ಮೆಲ್ಲಗೆ ಕೇಳಿದ. ಇದೇ ಮೊದಲು ಎಂದ ಸೆಲ್ಲಾಮ್. ಮಿಮೂನ್ ಏಳಲು ಹೊರಟ.

ಆಗ ಯಮ್ನಾ ಬಗ್ಗಿ ಆ ಹೂವನ್ನೆತ್ತಿ ಮೂಸಿದಳು. "ಒದ್ದೆ ಕಂಬಳಿ ವಾಸ್ನೆ ಇದೆ. ಈ ಚೀಲದ ಮೇಲೆ ಸೂರು ಸೋರ್ತು. ಹೇಳೋದು ಬೇಡ ಅಂತಿದ್ದೆ."

ಮಿಮೂನ್ ಹೂಗಳನ್ನು ಒಂದೊಂದಾಗಿ ಸೀಳಿದ. ಐದನೆಯದರ ಒಡಲಲ್ಲಿ ಬೂಷ್ಟಿನ ಬೂದುಬಣ್ಣದ ನೂಲು ಕಂಡಿತು. ಮೂರನೆಯದನ್ನು ಬಿಟ್ಟು ಉಳಿದೆರಡು ಚೀಲವನ್ನೂ ಚರಸ್ಸನ್ನೂ ಕಾರಿಗೆ ಹಾಕಿ, ಸಾಹುಕಾರರಿಗೆ ಎಲ್ಲ ಹೇಳಬೇಕಾಗುತ್ತದೆ ಎಂದು ಹೊರಟುಹೋದ.

ಸೆಲ್ಲಾಮ್ ನಡೆದೇ ಮನೆ ಸೇರಿ ಹೆಂಡತಿಗೆ ಎಲ್ಲ ಹೇಳಿದ. ಆರು ದಿನ ಬಾಗಿಲಿಗೆ ಬೆನ್ನು ಹಾಕಿ ಕೂರಲಿಲ್ಲ. ಏಳನೆಯ ದಿನ ಕಾರು ಬಂತು. ಅವನ ಹೆಂಡತಿ ಅಳತೊಡಗಿದಳು. ಮಿಮೂನ್ ಕಿಟಕಿಯಿಂದಲೇ ಹೇಳಿದ: "ಕಣ್ಣು, ಕೈ ನಿಂದೇ ಇರ್ಲಿ. ಮೂಗಿಗೆ ಆ ಹೆಂಗಸನ್ನ ಕರ್ಕೋ ಅಂದ್ರು ಸಾಹುಕಾರ್ರು."

ಯಮ್ನಾ ಮೊದಲು ಒಪ್ಪಲಿಲ್ಲ. "ನಾಳೆ ನಾನು ತಪ್ಪಿದ್ರೆ ಯಾರ ಬೆರಳು ಕಾಕಾ, ನಿಂದೋ ನಂದೋ?" ಎಂದು ಕೇಳಿದಳು. ಆದರೂ ಹೋದಳು, ಇಲ್ಲವೆನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ನಾಲ್ಕು ಸುಗ್ಗಿ ಹಾಗೆಯೇ ತಿರುಗಿದರು. ಒಮ್ಮೆಯೂ ತಪ್ಪಲಿಲ್ಲ. ಈಗ ಸರಕಾರದ ಪರವಾನಗಿ ಪಡೆದ ಬೆಳೆಗಾರರ ಸಹಕಾರ ಸಂಘ ಬಂದಿದೆ, ಸಾಹುಕಾರ ನಮ್ಮ ಕಡೆ ಬರುವುದನ್ನು ಬಿಟ್ಟಿದ್ದಾನೆ. ಯಮ್ನಾ ಸಂಘದಲ್ಲಿ ಹೂ ಆರಿಸುತ್ತಾಳೆ, ಹಾಡಿಕೊಳ್ಳುತ್ತಾಳೆ ಕೂಡ. ಸೆಲ್ಲಾಮ್ ಮಾತ್ರ ಇಂದಿಗೂ ಯಾವ ಗಾಡಿ ಏರು ಹತ್ತುವ ಸದ್ದಾದರೂ ಊಟ ಬಿಟ್ಟು ಎದ್ದು ನಿಲ್ಲುತ್ತಾನೆ.