ಪರೀಕ್ಷೆ: ವಿಜೇತಾ

ಬಿಜೂರಿನ ವಿಜೇತಾಳಿಗೆ ಕಚೇರಿಯಲ್ಲಿ ಕೆಲಸದ ಚೀಟಿ ಅಂಟಿಸುವ ಬೋರ್ಡನ್ನು ಕಂಡರೇ ಅಸಹ್ಯ. ಕೋಟೇಶ್ವರದ ಹೆದ್ದಾರಿ ಪಕ್ಕದ ಸಾಫ್ಟ್‌ವೇರ್ ಕಚೇರಿಯಲ್ಲಿ ಆಕೆ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ದಿನಾ ಬೆಳಿಗ್ಗೆ ತಂಡದ ಎಂಟೂ ಮಂದಿ ಆ ಬೋರ್ಡಿನ ಮುಂದೆ ನಿಂತು ನಿನ್ನೆ ಮಾಡಿದ್ದು, ಇಂದು ಮಾಡುವುದು ಒಪ್ಪಿಸಬೇಕು. ಹದಿನೈದು ನಿಮಿಷದ ಸಭೆ. ಮ್ಯಾನೇಜರ್ ಸುಜಿತ್ ಮಾತಿಗೆ ತೊಡಗಿದರೆ ಒಂದು ಗಂಟೆ. ಎರಡು ವಾರದ ಕೆಲಸಕ್ಕೆ ಸ್ಪ್ರಿಂಟ್ ಎಂದು ಹೆಸರು. ಅದು ಮುಗಿಯುವ ಶುಕ್ರವಾರ ಅವನು ಅರ್ಧಂಬರ್ಧ ಕೆಲಸದ ಚೀಟಿಗಳನ್ನೂ ಕಿತ್ತು ‘ಮುಗಿದದ್ದು’ ಎಂಬಲ್ಲಿ ಅಂಟಿಸುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಕಳೆದ ವರ್ಷ ಕುಂದಾಪುರದ ವ್ಯಾಪಾರಿ ಗುಣಪಾಲ ಒಂದು ಆ್ಯಪ್ ಮಾಡಿಸಿದರು. ಗಿರಾಕಿ ಮನೆಯಿಂದಲೇ ಮೀನು ಕೇಳಿದರೆ ಮಾರ್ಕೆಟಿನಲ್ಲಿ ಕೂತ ಹೆಂಗಸರು ಫೋನಿನಲ್ಲೇ ಒಪ್ಪಿಕೊಳ್ಳುವ ಹಾಗೆ. ಐದು ಸ್ಪ್ರಿಂಟ್ ಕಳೆದರೂ ಮೀನು ಮಾರುವ ಒಬ್ಬರ ಕೈಗೂ ಅದನ್ನು ಕೊಟ್ಟು ನೋಡಿರಲಿಲ್ಲ. ಕೊನೆಗೆ ವಿಜೇತಾ ತಾನೇ ಮಾರ್ಕೆಟಿಗೆ ಹೋಗಿ ಮೀನು ಮಾರುವ ಸರೋಜಕ್ಕನಿಗೆ ಫೋನು ಕೊಟ್ಟಳು. ಅವರು ಎಷ್ಟು ಒತ್ತಿದರೂ ಪರದೆ ಜಪ್ಪಯ್ಯ ಎನ್ನಲಿಲ್ಲ.

“ಎಂತ ಹೆಣ್ಣೇ ಇದ್? ಕೈ ಚಂಡಿ ಇದ್ರೆ ಆತಿಲ್ಲ. ನಮ್ ಕೈ ಒಣುಗುದ್ ಯಾವಾಗ?” ಸೆರಗಿಗೆ ಕೈ ಒರೆಸಿ ಮತ್ತೆ ಒತ್ತಿದರು. “ಕೆಜಿ ಎಷ್ಟ್ ಅಂದೇಳಿ ಬತ್ತ್. ನಾನ್ ಬಂಗ್ಡಿ ಮೀನ್ ಎಣ್ಸಿ ಕೊಡುದ್, ತೂಕ ಎಲ್ಲಿತ್ತ್? ಯಾರನ್ ಕೇಂಡ್ ಮಾಡದ್ ಇದನ್?”

ವಿಜೇತಾ ಈ ಎರಡು ದೂರನ್ನೂ ಚೀಟಿಯಲ್ಲಿ ಬರೆದು ಬೋರ್ಡಿಗೆ ಅಂಟಿಸಿದಳು. ಸುಜಿತ್ ಕಿತ್ತು ಜೇಬಿಗೆ ಇಳಿಸಿದ.

“ಸೋಮ್ವಾರ ಡೆಮೊ ಇತ್ತ್ ಮಾರಾಯ್ತಿ. ಇದೆಲ್ಲ ಮುಂದಿನ್ ಸ್ಪ್ರಿಂಟಲ್ ಕಾಂಬ.”

ಸೋಮವಾರ ಎಸಿ ಕೋಣೆಯಲ್ಲಿ, ಗುಣಪಾಲರ ಎದುರು, ಆ್ಯಪ್ ಸಲೀಸಾಗಿ ಓಡಿತು. ಕೊನೆಯ ಸ್ಲೈಡಿನಲ್ಲಿ ಹೀಗಿತ್ತು: ‘ಮಾರ್ಕೆಟಿನ ಮಹಿಳೆಯರು ಬಳಸಿ ಮೆಚ್ಚಿದ್ದಾರೆ. ಪರೀಕ್ಷೆ: ವಿಜೇತಾ.’ ತನ್ನ ಹೆಸರು ಕಂಡದ್ದೇ ಅವಳು ಎದ್ದು ನಿಂತಳು. ಎಲ್ಲ ಗೊತ್ತಿದ್ದ ತಂಡದ ಕೀರ್ತನ್, ಧನ್ಯಶ್ರೀ ಲ್ಯಾಪ್‌ಟಾಪಿನಲ್ಲಿ ಮುಖ ಹುದುಗಿಸಿದರು.

“ಸುಳ್ಳ್ ಅದ್, ಗುಣಪಾಲಣ್ಣ,” ಎಂದಳು ವಿಜೇತಾ. “ನಾನ್ ಕೊಟ್ಟದ್ ಒಬ್ರಿಗೇ. ಕೈ ಚಂಡಿ ಇತ್ತ್, ಅವ್ರಿಗೆ ಒತ್ತುಕೇ ಆಯ್ಲಿಲ್ಲ.”

ಗುಣಪಾಲ ಎದುರಿಗಿದ್ದ ನೀರಿನ ಲೋಟದಲ್ಲಿ ಬೆರಳದ್ದಿ ಫೋನು ಒತ್ತಿದರು. ಮೂರು ಸಲವೂ ಪರದೆ ಕದಲಲಿಲ್ಲ. ಆಮೇಲೆ ಎದ್ದರು.

“ವಾರಕ್ಕೊಂದ್ ದಿನ ಈ ಹುಡ್ಗಿ ಮಾರ್ಕೆಟಲ್ ಕೂರ್ಲಿ. ಅವ್ಳ್ ಸರಿ ಅಂದ್ ಮೇಲೇ ನಾನ್ ಬಪ್ಪುದ್.”

ಆ ವಾರದ ಕೊನೆಯ ಸಭೆಯಲ್ಲಿ, ಈ ಸ್ಪ್ರಿಂಟಿನಲ್ಲಿ ಏನು ಚೆನ್ನಾಗಿತ್ತು ಎಂದು ಬರೆಯಲು ಕಾಗದ ಹಂಚಿದರು. ಧನ್ಯಶ್ರೀ ‘ಒಗ್ಗಟ್ಟು’ ಎಂದು ಬರೆದಳು. ವಿಜೇತಾ ಖಾಲಿ ಕಾಗದವನ್ನೇ ಹಿಂದಕ್ಕೆ ಕೊಟ್ಟಳು. ಯಾರೂ ಅವಳ ಜೊತೆ ಊಟಕ್ಕೆ ಕೂರಲಿಲ್ಲ.

ಆ್ಯಪ್ ನಾಲ್ಕು ತಿಂಗಳು ತಡವಾಗಿ ಹೊರಬಂತು. ಮೀನಿಗೆ ತೂಕದ ಬದಲು ಎಣಿಕೆ, ಕೈ ಒದ್ದೆ ಇದ್ದರೆ ಬಾಯಲ್ಲಿ ಹೇಳಿದರೂ ಸಾಕು. ಹೊಸ ಗಿರಾಕಿಗಳು ಬಂದರೆ ಸುಜಿತ್ ಈಗ ಎದೆಯುಬ್ಬಿಸಿ ಹೇಳುತ್ತಾನೆ: “ನಮ್ಮಲ್ ಟೆಸ್ಟರನ್ನ ಮಾರ್ಕೆಟಿಗೇ ಕಳ್ಸುದ್. ನಂದೇ ಐಡಿಯಾ ಅದ್.” ವಿಜೇತಾ ಕುಡಿಯುತ್ತಿದ್ದ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದುಹೋಗುತ್ತಾಳೆ. ಬ್ರಹ್ಮಾವರದ ಇನ್ನೊಂದು ಕಚೇರಿಗೆ ಅರ್ಜಿ ಹಾಕಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.