ಕಾಟೊ ತೆರೆದಿಟ್ಟ ಕಿಟಕಿ

ಕಂಪಾಲಾದ ಆ ಕಚೇರಿಯಲ್ಲಿ ಕಾಟೊ ಅಂದರೆ ಎಲ್ಲರಿಗೂ ತಮಾಷೆ. ಮೀನುಕೊಳಗಳಿಗೆ ಗಾಳಿ ಊದುವ ಪಂಪುಗಳನ್ನು ನಡೆಸುವ ಪೆಟ್ಟಿಗೆ ಅವರ ವ್ಯಾಪಾರ. ಪೆಟ್ಟಿಗೆಯೊಳಗೆ ಪ್ರೋಗ್ರಾಮು ಓಡಿಸುವ ಪುಟ್ಟ ಜಾವಾಸ್ಕ್ರಿಪ್ಟ್ ಎಂಜಿನ್. ಅದರಡಿಯಲ್ಲಿ ಪಂಪು, ನೀರಿನ ಆಮ್ಲಜನಕ ಅಳೆಯುವ ಸೆನ್ಸರುಗಳನ್ನು ಮುಟ್ಟುವ ಭಾಗವನ್ನು ಸಿ ಭಾಷೆಯಲ್ಲಿ ಬರೆಯುವವನು ಕಾಟೊ. ತಪ್ಪು ಹುಡುಕಲು ಡಿಬಗ್ಗರ್ ತೆರೆದರೆ ಉಳಿದವರು ಬರೆದದ್ದೆಲ್ಲ ಬಿಚ್ಚಿಕೊಂಡು ಒಳಗಿರುವುದನ್ನು ತೋರಿಸುತ್ತಿತ್ತು. ಇವನದು ಮಾತ್ರ 'ಆಬ್ಜೆಕ್ಟ್' ಎಂಬ ಒಂದೇ ಪದ ಹೊತ್ತು ಕಲ್ಲಿನಂತೆ ಕೂತಿರುತ್ತಿತ್ತು.

"ಏನಯ್ಯ ಕಾಟೊ, ನಿನ್ನ ತಲೆ ಒಳಗೂ ಹಿಂಗೇ ಖಾಲಿನಾ?" ಎಂದು ಮಾಲೀಕ ಸೆರುಂಜೋಗಿ ಎಲ್ಲರೆದುರೇ ಕೇಳಿದ. ಬಿದ್ದು ಬಿದ್ದು ನಕ್ಕರು. ನಗುವವರದೇನು ಗಂಟು ಹೋಗುತ್ತದೆ!

ಕಾಟೊ ಹಟಕ್ಕೆ ಬಿದ್ದ. ತನ್ನ ವಸ್ತುಗಳು ಡಿಬಗ್ಗರಿನಲ್ಲಿ ಹೇಗೆ ಕಾಣಬೇಕೆಂದು ತಾನೇ ಬರೆದ. ಈಗ ಸೆನ್ಸರಿನ ಜಾಗದಲ್ಲಿ ಕೊಳದ ಹೆಸರು, ಪಕ್ಕದಲ್ಲಿ ಹಸಿರು 'ಸರಿ', ಇಲ್ಲವೇ ಕೆಂಪು 'ಅಪಾಯ', ಕ್ಷಣಕ್ಷಣಕ್ಕೂ ಹೊಸದಾಗುತ್ತಿತ್ತು. ಕೊಳ್ಳಲು ಬರುವ ಅತಿಥಿಗಳಿಗೆ ಈ ಕಿಟಕಿಯನ್ನೇ ತೋರಿಸೋಣ ಎಂದ ಸೆರುಂಜೋಗಿ.

ಕಾಟೊ ಆರಿಸಿದ್ದು ತನ್ನ ಅವಳಿ ಅಕ್ಕ ಬಾಬಿರ್ಯೆಯ ಕೊಳವನ್ನು. ಗಂಡ ಸತ್ತ ಮೇಲೆ ಮೈದುನ ಲುಬೇಗ ಅವಳಿಗೆ ಬಿಟ್ಟದ್ದು ಜೌಗಿನಂಚಿನ ಆ ತುಂಡು ನೆಲವೊಂದನ್ನೇ, ಅದೂ ಷರತ್ತು ಹಾಕಿ. ಈ ಸಲದ ಮೀನು ಕೈಗೆ ಬಂದರೆ ಅವಳೂ ಮಕ್ಕಳೂ ಅಲ್ಲಿರಬಹುದು. ಬಾರದಿದ್ದರೆ ಗಂಟುಮೂಟೆ ಕಟ್ಟಬೇಕು. ಕುಲದ ಹಿರಿಯರೂ ಹೂಂ ಅಂದಿದ್ದರು, ಪುಣ್ಯಾತ್ಮರು.

ಅತಿಥಿಗಳು ಬಂದ ದಿನ ದಟ್ಟ ಮೋಡ, ಉಸಿರುಕಟ್ಟುವ ಸೆಕೆ. ಮಧ್ಯಾಹ್ನ ಪರದೆಯ ಮೇಲೆ 'ಅಪಾಯ' ಎಂದು ಕೆಂಪು ಮಿಂಚಿ, ಮರುಕ್ಷಣವೇ 'ಸರಿ' ಆಯಿತು.

"ನೋಡಿದ್ರಾ? ಪಂಪು ತಾನೇ ಓಡ್ತು, ತಾನೇ ನಿಂತಿತು!" ಎಂದ ಸೆರುಂಜೋಗಿ. ಚಪ್ಪಾಳೆ ಬಿತ್ತು. ಕಾಟೊನ ಎದೆ ಉಬ್ಬಿತು.

ಆಗಲೇ ಅಕ್ಕನ ಫೋನು. "ಕಾಟೊ, ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ ಕಣೋ. ಪಂಪು ಸುಮ್ನೆ ನಿಂತಿದೆ. ನಾನೇ ಹಾಕಿಬಿಡ್ಲಾ?"

"ಮುಟ್ಟಬೇಡ ಅಕ್ಕ! ಅತಿಥಿಗಳು ನೋಡ್ತಿದ್ದಾರೆ. ಇಲ್ಲಿ ಸರಿ ಅಂತಿದೆ, ಹೆದರಬೇಡ."

ಅವಳು ನಂಬಿದಳು. ಒಂದೇ ಹೊಟ್ಟೆಯಲ್ಲಿ ಬೆಳೆದವನನ್ನು ನಂಬದೆ ಇನ್ನಾರನ್ನು ನಂಬಬೇಕು?

ಪಂಪು ಓಡಿಯೇ ಇರಲಿಲ್ಲ. ಆಮ್ಲಜನಕ ಇಳಿದಾಗ ಆ ಸೆನ್ಸರು ಒಂದೇ ಸಲ ಎತ್ತುವ ಎಚ್ಚರಿಕೆಯನ್ನು ಯಾರಾದರೂ ಒಮ್ಮೆ ಓದಿದರೆ ಸಾಕು, ಅಳಿಸಿಹೋಗುತ್ತದೆ. ಓದಬೇಕಾದದ್ದು ಪಂಪು ನಡೆಸುವ ಪ್ರೋಗ್ರಾಮು. ಕಾಟೊನ ಚಂದದ ಕಿಟಕಿ ಅದಕ್ಕಿಂತ ಮುಂಚೆ ಓದಿತು. ಪ್ರೋಗ್ರಾಮು ಬಂದು ನೋಡುವಷ್ಟರಲ್ಲಿ ಅಲ್ಲಿ ಏನೂ ಉಳಿದಿರಲಿಲ್ಲ. ಅಯ್ಯೋ ಮೂರ್ಖ, ಇದು ಅವನಿಗೆ ಗೊತ್ತಿತ್ತು! ಹೊಗಳಿಸಿಕೊಳ್ಳುವ ಆಸೆಯಲ್ಲಿ ಮರೆತಿದ್ದ.

ಅಕ್ಕ ಮತ್ತೆ ಫೋನು ಮಾಡಿ ಬರೀ ಅತ್ತಾಗ ಅವನಿಗೆ ಹೊಳೆಯಿತು. ಬಾಡಿಗೆಯ ಬೋಡಾ ಬೈಕಿನ ಹಿಂದೆ ಕೂತು ಹೊರಟವನಿಗೆ ಸೆರುಂಜೋಗಿ ಫೋನಿನಲ್ಲಿ ಹೇಳಿದ್ದಿಷ್ಟೇ: "ಕೊಳದ ವಿಷ್ಯ ಬಾಯಿ ಬಿಡಬೇಡ. ಆ ಕಿಟಕಿ ಹಾಗೇ ಇರ್ಲಿ, ಅವರಿಗೆ ತುಂಬಾ ಹಿಡಿಸಿದೆ."

ಕೊಳದ ತುಂಬ ಮೀನುಗಳು ಬಿಳಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಲುಬೇಗನ ಆಳುಗಳು ಆಗಲೇ ಅವಳ ಪಾತ್ರೆ, ಚಾಪೆಗಳನ್ನು ಅಂಗಳಕ್ಕೆ ತಂದು ಹಾಕುತ್ತಿದ್ದರು.

"ನೀನು ನೋಡ್ತಾನೇ ಇದ್ದೆ ಅಲ್ವಾ?" ಎಂದಳು ಬಾಬಿರ್ಯೆ.

"ನೋಡ್ತಿದ್ದೆ ಅಕ್ಕ. ನಾನು ನೋಡಿದ್ದಕ್ಕೇ ಸತ್ತವು." ಒಂದೂ ಮುಚ್ಚಿಡದೆ ಎಲ್ಲ ಹೇಳಿದ.

ಅವಳ ಕಿರಿಮಗಳು ಮಾವ ಬಂದನೆಂದು ಓಡಿಬಂದಳು. ಬಾಬಿರ್ಯೆ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದುಕೊಂಡಳು.

"ಹಾಗಾದ್ರೆ ನನ್ನ ಮಕ್ಕಳ ಕಡೆ ನೋಡಬೇಡ," ಎಂದಳು.